ಉಚಿತವೆಂಬುದರ ಬೆಲೆ

ಅಂತರಜಾಲದ ಪುಟಗಳನ್ನು ತೋರುವ ಬ್ರೌಸರಿಗೆ ಹಣ ತೆರಬೇಕೆಂದರೆ ವಾಚಕರಲ್ಲಿ ಅನೇಕರು ನಕ್ಕಾರು. ಆದರೆ ಹಿಂದೆ ನೆಟ್‌ಸ್ಕೇಪ್ ಕ್ರಯಕ್ಕೆ ಮಾರಾಟವಾಗುತ್ತಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಬ್ರೌಸರನ್ನು ವಿಂಡೋಸ್‌ನೊಡನೆ ಪುಕ್ಕಟೆಯಾಗಿ ಹಂಚತೊಡಗಿದ ಮೇಲೆ, 1998ರಲ್ಲಿ ನೆಟ್‌ಸ್ಕೇಪ್ ಸಹ ಕ್ರಯವನ್ನು ಕೈಬಿಡಬೇಕಾಯಿತು.

ಹಾಗಾದರೆ ಇಂದು ವೆಚ್ಚವನ್ನು ಹೊರುವವರಾರು? ಸಫಾರಿ ಬ್ರೌಸರಿನಲ್ಲಿ ತನ್ನ ಶೋಧಯಂತ್ರಕ್ಕೆ ಅಗ್ರಸ್ಥಾನವಿರಲೆಂದು ಗೂಗಲ್ 2022ರಲ್ಲಿ ಆಪಲ್‌ಗೆ 2,000 ಕೋಟಿ ಡಾಲರುಗಳನ್ನು ತೆತ್ತಿತೆಂದು ಅಮೆರಿಕದ ನ್ಯಾಯಾಲಯದ ದಾಖಲೆಗಳಿಂದ ತಿಳಿದುಬಂದಿದೆ. ಫೈರ್‌ಫಾಕ್ಸನ್ನು ನಡೆಸುವ ಮೊಜಿಲ್ಲಾದ ಆದಾಯದ ಬಹುಭಾಗವೂ ಗೂಗಲ್‌ನಿಂದಲೇ ಬರುತ್ತಿದೆ. ಅನ್ನವಿಕ್ಕುವವನ ಮಾತನ್ನು ಮೀರುವುದು ಸುಲಭವಲ್ಲ.

ಬಡ ವಿದ್ಯಾರ್ಥಿಗಳಿಗೆ ಬ್ರೌಸರು ಉಚಿತವಾಗಿಯೇ ಇರತಕ್ಕದ್ದು. ಆದರೆ ಶಕ್ತರಾದವರು ಸ್ವೇಚ್ಛೆಯಿಂದ ಕಿಂಚಿತ್ತಾದರೂ ತೆತ್ತು, ತಮಗೇ ಉತ್ತರವಾದಿಯಾದ ಬ್ರೌಸರೊಂದನ್ನು ಪೋಷಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.