ಸೊನ್ನೆ ತೋರಿಸಿದ ಕೌಂಟರ್

2024ರ ಮೇ ತಿಂಗಳಲ್ಲಿ ಸೌರಬಿರುಗಾಳಿಯಿಂದ ಲಡಾಖಿನ ಹಾನ್ಲೆಯ ಆಕಾಶ ಕೆಂಪೇರಿತ್ತು. ಆ ಸುದ್ದಿ ಓದಿದ ಜಯನಗರದ ಓದುಗರೊಬ್ಬರು ಕೇಳಿದ್ದಾರೆ: ‘ಬನಶಂಕರಿ ಕಡೆಯ ಪಿಇಎಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮಾಡಿದಂಥ ಪುಟ್ಟ ಉಪಗ್ರಹ ಸೌರಬಿರುಗಾಳಿಯ ಕಣಗಳನ್ನು ಅಳೆಯಬಲ್ಲುದೇ?’

ಪಿಇಎಸ್‌ನ ಪಿಸ್ಯಾಟ್ 2016ರ ಸೆಪ್ಟೆಂಬರ್ 26ರಂದು ಪಿಎಸ್‌ಎಲ್‌ವಿ ಏರಿದ್ದು ಭೂಮಿಯ ಚಿತ್ರ ತೆಗೆಯಲು. ಕಣಗಳ ಕೆಲಸ ಅದರದಲ್ಲ. ಆದರೆ ಅಳೆಯಬಹುದೇ ಎಂದರೆ, ಧಾರಾಳವಾಗಿ. ಈ ವಿಜ್ಞಾನ ಹುಟ್ಟಿದ್ದೇ ಪುಟ್ಟ ಉಪಗ್ರಹದಲ್ಲಿ.

1958ರ ಜನವರಿ 31ರಂದು ಅಮೆರಿಕ ಹಾರಿಸಿದ ಎಕ್ಸ್‌ಪ್ಲೋರರ್-1ರ ತೂಕ ಸುಮಾರು 14 ಕಿಲೋ. ಅದರೊಳಗೆ ಅಯೋವಾದ ಜೇಮ್ಸ್ ವ್ಯಾನ್ ಅಲೆನ್ ಅವರ ಗೈಗರ್ ಕೌಂಟರ್ ಇತ್ತು. ಕೆಳಗಿದ್ದಾಗ ಸೆಕೆಂಡಿಗೆ ಸುಮಾರು 30 ಕಣ ಎಣಿಸುತ್ತಿದ್ದದ್ದು ಮೇಲೇರಿದಾಗ ಸೊನ್ನೆ ತೋರಿಸುತ್ತಿತ್ತು. ಕೆಟ್ಟಿದೆಯೇ? ಬನಶಂಕರಿ ಬಸ್ಸಿನ ಸಂಜೆಯ ನೂಕುನುಗ್ಗಲು ನೆನಪಿಸಿಕೊಳ್ಳಿ. ಕಂಡಕ್ಟರಿಗೆ ಕೈಯಾಡಿಸಲೂ ಜಾಗವಿಲ್ಲ, ಒಂದು ಟಿಕೆಟ್ಟೂ ಹರಿಯುವುದಿಲ್ಲ. ಟಿಕೆಟ್ ಲೆಕ್ಕ ಮಾತ್ರ ನೋಡಿದವರಿಗೆ ಬಸ್ಸು ಖಾಲಿ! ವ್ಯಾನ್ ಅಲೆನ್ ಅವರ ಶಿಷ್ಯ ಕಾರ್ಲ್ ಮೆಕ್‌ಇಲ್ವೈನ್ ಅಂಥದೇ ಕೌಂಟರಿಗೆ ಪ್ರಬಲ ಎಕ್ಸ್-ಕಿರಣ ಹಾಯಿಸಿ ನೋಡಿದರು. ಅದೂ ಸೊನ್ನೆಗಿಳಿಯಿತು. ಕಣಗಳು ಇಲ್ಲದ್ದಕ್ಕಲ್ಲ, ಕಿಕ್ಕಿರಿದಿದ್ದಕ್ಕೆ ಕೌಂಟರ್ ಮೂಕವಾಗಿತ್ತು. ಭೂಮಿಯ ಕಾಂತಕ್ಷೇತ್ರ ಕಣಗಳನ್ನು ಪಟ್ಟಿಗಳಾಗಿ ಸೆರೆಹಿಡಿದಿದೆ ಎಂಬುದು ಗೊತ್ತಾದದ್ದು ಹೀಗೆ. ನನಗೆ ಇದು ಬಾಹ್ಯಾಕಾಶ ಯುಗದ ಅತ್ಯಂತ ಸೊಗಸಾದ ಶೋಧ.

ಇದಕ್ಕೂ ಮೊದಲೇ, 1957ರ ನವೆಂಬರಿನಲ್ಲಿ, ಮಾಸ್ಕೋದ ಸೆರ್ಗೈ ವೆರ್ನೋವ್ ಅವರ ಕೌಂಟರು ಸ್ಪುಟ್ನಿಕ್-2ರಲ್ಲಿ ಹಾರಿತ್ತು. ಅದು ಎತ್ತರಕ್ಕೇರುತ್ತಿದ್ದದ್ದು ದಕ್ಷಿಣ ಗೋಲಾರ್ಧದ ಮೇಲೆ. ಅಲ್ಲಿ ಸೋವಿಯತ್ತರಿಗೆ ಸಂಕೇತ ಹಿಡಿಯುವ ಕೇಂದ್ರಗಳೇ ಇರಲಿಲ್ಲ. ಉಪಕರಣ ಸರಿಯಿದ್ದೂ ಶೋಧ ಕೈತಪ್ಪಿತು; ಪಟ್ಟಿಗಳಿಗೆ ವ್ಯಾನ್ ಅಲೆನ್ ಹೆಸರು ಬಂತು.

ವೆರ್ನೋವ್ ದುಡಿದ ಮಾಸ್ಕೋ ವಿಶ್ವವಿದ್ಯಾಲಯವೇ ಮುಂದೆ ನಮ್ಮ ಉಪಗ್ರಹಕ್ಕೆ ಉಪಕರಣ ಕೊಟ್ಟಿತು. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರ ರೂಪಿಸಿದ 92 ಕಿಲೋದ ಯೂತ್‌ಸ್ಯಾಟ್ 2011ರ ಏಪ್ರಿಲ್ 20ರಂದು ಪಿಎಸ್‌ಎಲ್‌ವಿ-ಸಿ16ರಲ್ಲಿ ಹೋಯಿತು. ಅದರಲ್ಲಿದ್ದ ಮಾಸ್ಕೋದ ಉಪಕರಣ ಸೋಲ್‌ರ‍್ಯಾಡ್‌ನ ಕೆಲಸ, ಸೌರಜ್ವಾಲೆಗಳ ಎಕ್ಸ್ ಮತ್ತು ಗ್ಯಾಮಾ ಕಿರಣಗಳನ್ನೂ ಧ್ರುವಗಳ ಮೇಲಿನ ಆವೇಶಭರಿತ ಕಣಗಳನ್ನೂ ಅಳೆಯುವುದು. ಜೊತೆಗಿದ್ದ ಎರಡು ಭಾರತೀಯ ಉಪಕರಣಗಳು ಮೇಲಿನ ವಾತಾವರಣದ ಕಡೆ ಕಣ್ಣಿಟ್ಟಿದ್ದವು. ಸೂರ್ಯ ಕೆರಳಿದಾಗ ಭೂಮಿಯ ಮೇಲ್ಪದರ ಹೇಗೆ ಸ್ಪಂದಿಸುತ್ತದೆಂದು ಒಂದೇ ಉಪಗ್ರಹದಿಂದ ನೋಡುವ ಜಾಣ ಏರ್ಪಾಡು ಅದು.

ಆದರೆ ಸಂಕೇತ ಹಿಡಿಯುವವರಿಲ್ಲದಿದ್ದರೆ ಎಂಥ ಉಪಕರಣವೂ ವ್ಯರ್ಥ ಎಂಬುದು ವೆರ್ನೋವ್ ಕಥೆಯ ಪಾಠ. ಪಿಸ್ಯಾಟ್ ಬಗ್ಗೆ ನನಗೆ ಅಭಿಮಾನವಿರುವುದೂ ಉಪಗ್ರಹಕ್ಕಿಂತ ಹೆಚ್ಚಾಗಿ, ವಿದ್ಯಾರ್ಥಿಗಳು ತಮ್ಮ ಆವರಣದಲ್ಲೇ ಸಂಕೇತ ಹಿಡಿಯುವ ಭೂಕೇಂದ್ರ ನಿಲ್ಲಿಸಿದ್ದಕ್ಕೆ. ಪುಟ್ಟ ಉಪಗ್ರಹ ಹಾರಿತೆಂಬ ಸುದ್ದಿ ಇನ್ನು ಮುಂದೆ ಬಂದಾಗ ಅದರ ತೂಕ, ದಾಖಲೆಗಳನ್ನು ಬದಿಗಿಟ್ಟು, ಅದರ ದತ್ತಾಂಶ ಹಿಡಿಯುವವರು ಯಾರು, ಎಷ್ಟು ದಿನ ಹಿಡಿದರು ಎಂದು ಮೊದಲು ಕೇಳಿ.