ಕೂಗಿದ್ದೆಲ್ಲ ಡೈಲಾಗ್ ಅಲ್ಲ: ನಾಟಕದ ತಾಲೀಮಿನಲ್ಲಿ ಕಲಿಯೋದು ಏನು?

ಶಾಮನೂರು: ಜಾತ್ರೆ ಸೀಸನ್ ಬಂತು ಅಂದ್ರೆ ಊರೂರಲ್ಲಿ ನಾಟಕದ ಪಟ್ಟಿ ಎತ್ತೋದು ಶುರು. ಅಂಗಡಿಯವರು ಐನೂರೋ ಸಾವಿರವೋ ಕೊಟ್ಟು ರಸೀದಿ ಇಸ್ಕೊಂತಾರೆ. ಆ ದುಡ್ಡು ಸೀನರಿಗೆ, ಮೈಕ್ ಸೆಟ್ಟಿಗೆ, ಲೈಟಿಗೆ, ಹೊರಗಿಂದ ಕರೆಸೋ ಕಲಾವಿದೆಯರಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ ಅಂತ ಹಂಚಿಹೋಗುತ್ತೆ. ರಾತ್ರಿ ಹತ್ತಕ್ಕೆ ಪರದೆ ಏಳುತ್ತೆ. ಹನ್ನೆರಡೂವರೆ ಹೊತ್ತಿಗೆ ದುರ್ಯೋಧನನ ಗಂಟಲು ಕಟ್ಟಿರುತ್ತೆ, ಗದಾಯುದ್ಧ ಇನ್ನೂ ಬಾಕಿ ಇರುತ್ತೆ. ಮೈಕ್ ಇದ್ದರೂ ಏನೂ ಉಪಯೋಗ ಇಲ್ಲ. ಒಡೆದ ದನಿಯನ್ನ ಮೈಕ್ ಇನ್ನಷ್ಟು ಜೋರಾಗಿ ಒಡೆದೇ ಕೇಳಿಸುತ್ತೆ.

ಇದಕ್ಕೆ ಪಾತ್ರ ಮಾಡಿದ ಹುಡುಗನನ್ನ ಬೈದು ಫಲ ಇಲ್ಲ. ಅವನಿಗೆ ಮಾತು ಬಾಯಿಪಾಠ ಮಾಡಿಸಿರ್ತಾರೆ. ಉಸಿರು, ದನಿ, ಪದ್ಯ, ನಡಿಗೆ ಇವನ್ನ ಯಾರೂ ಕಲಿಸಿರಲ್ಲ.

ಹಿಂದೆ ಇದನ್ನ ಕಂಪನಿಗಳು ಕಲಿಸ್ತಿದ್ವು. ದಾವಣಗೆರೆ ಅಂದ್ರೆ ಬೆಣ್ಣೆದೋಸೆ ಒಂದೇ ಅಲ್ಲ, ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರೂ ಹೌದು. 2010ರಲ್ಲಿ ತೀರಿಕೊಂಡ ಪದ್ಮಶ್ರೀ ಚಿಂದೋಡಿ ಲೀಲಾ ಅವರು ತಯಾರಾಗಿದ್ದು ಆ ರಂಗದ ಮೇಲೇ. ಗುಬ್ಬಿ ವೀರಣ್ಣನವರ ಕಂಪನಿಯಿಂದ ರಾಜ್‌ಕುಮಾರ್, ನರಸಿಂಹರಾಜು, ಬಿ.ವಿ. ಕಾರಂತರು ಬಂದ್ರು. ಹಿಂದೂಸ್ತಾನಿ ಸಂಗೀತದ ಮಲ್ಲಿಕಾರ್ಜುನ ಮನ್ಸೂರರೂ ಚಿಕ್ಕಂದಿನಲ್ಲಿ ನಾಟಕ ಕಂಪನಿಯಲ್ಲೇ ಹಾಡ್ತಿದ್ದವರು. ಅಲ್ಲಿ ಸಿಲೆಬಸ್ ಅನ್ನೋದೇ ಇರ್ಲಿಲ್ಲ. ಹುಡುಗ ಬಾಲಪಾತ್ರಕ್ಕೆ ಸೇರಿ, ಸೈಡ್‌ವಿಂಗ್‌ನಲ್ಲಿ ನಿಂತು, ದಿನಾ ರಾತ್ರಿ ಅದೇ ನಾಟಕ ನೋಡಿ ನೋಡಿ ಎಲ್ಲಾ ಪಾತ್ರಗಳನ್ನೂ ಕಿವಿಯಲ್ಲೇ ಕಲೀತಿದ್ದ. ಈಗ ಕಂಪನಿಗಳು ಬೆರಳೆಣಿಕೆ. ಕಿವಿಯಲ್ಲಿ ಕಲಿಯೋ ದಾರಿ ಮುಚ್ಚಿದ ಮೇಲೆ ಕೂರಿಸಿಕೊಂಡೇ ಕಲಿಸಬೇಕಾಗಿದೆ.

ಮೊದಲು ಉಸಿರು

ನಾಟಕ ಶಾಲೆಗಳಲ್ಲಿ ಬೆಳಿಗ್ಗೆ ಡೈಲಾಗ್ ಇರಲ್ಲ, ವ್ಯಾಯಾಮ ಇರುತ್ತೆ. ಎದೆಗೂ ಹೊಟ್ಟೆಗೂ ನಡುವೆ ಪರದೆ ಥರ ಒಂದು ಸ್ನಾಯು ಇದೆ, ಅದಕ್ಕೆ ವಪೆ ಅಂತಾರೆ. ಅದು ಕೆಳಗಿಳಿದರೆ ಪುಪ್ಪುಸಕ್ಕೆ ಗಾಳಿ ತುಂಬುತ್ತೆ. ಭುಜ ಎತ್ತಿ ಉಸಿರು ತಗೊಂಡ್ರೆ ಗಾಳಿ ಕಡಿಮೆ, ಕುತ್ತಿಗೆ ಬಿಗಿ. ಬಿಗಿಯಾದ ಕುತ್ತಿಗೆಯಿಂದ ಕೂಗಿದಾಗ ಧ್ವನಿಪೆಟ್ಟಿಗೆಯ ತಂತುಗಳು ಒಂದಕ್ಕೊಂದು ಬಡಿದು ಊದಿಕೊಳ್ಳುತ್ತವೆ. ನಾವು ಗಂಟಲು ಕುಂತು ಅನ್ನೋದು ಇದಕ್ಕೇ. ವರ್ಷಗಟ್ಟಲೆ ಹಂಗೇ ಮಾಡಿದ್ರೆ ಅಲ್ಲಿ ಸಣ್ಣ ಗಂಟುಗಳು ಬೆಳೀತವೆ.

ಎಪಿಎಂಸಿಯಲ್ಲಿ ಹರಾಜು ಕೂಗೋರನ್ನ ಗಮನಿಸಿ. ಬೆಳಗಿಂದ ಕೂಗಿದ್ರೂ ಕೆಲವರ ದನಿ ಬೀಳಲ್ಲ. ಅವರು ಕಿರುಚಲ್ಲ, ಒಂದೇ ಶ್ರುತಿ ಹಿಡಿದು ಲಯದಲ್ಲಿ ಕೂಗ್ತಾರೆ, ಬೆಲೆ ಬೆಲೆಯ ನಡುವೆ ಉಸಿರು ತಗೋತಾರೆ. ನಟನಿಗೂ ಬೇಕಾಗಿರೋದು ಅದೇ. ಹಳೇ ಕಂಪನಿ ನಟರು ಮೈಕ್ ಇಲ್ಲದ ಕಾಲದಲ್ಲಿ ಕಾಲು ಹಾರ್ಮೋನಿಯಂನ ಎತ್ತರದ ಶ್ರುತಿಗೆ ಹಾಡ್ತಿದ್ದರು. ಎತ್ತರದ, ತಿಳಿಯಾದ ದನಿ ಟೆಂಟಿನ ಕೊನೇ ಸಾಲಿಗೂ ಮುಟ್ಟುತ್ತೆ. ಇನ್ನು ದಪ್ಪ ದನಿ ಅಂದ್ರೆ ಗಂಡಸಿನ ಕೂಗಾಟ ಅಂತಾನೂ ಅಲ್ಲ. ಆರ್. ನಾಗರತ್ನಮ್ಮನವರು 1958ರಲ್ಲಿ ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಕಂಸ, ರಾವಣ ಎಲ್ಲಾ ಪಾತ್ರಕ್ಕೂ ಹೆಂಗಸರೇ. ಎದೆಯಲ್ಲಿ ದನಿ ಮೊಳಗಿಸೋದು ಕಲಿತರೆ ರಾಕ್ಷಸನಾಗಬಹುದು.

ಕನ್ನಡದ ನಟನಿಗೆ ಇನ್ನೊಂದು ತೊಂದರೆ ಇದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರೋದು ಕೊನೆಗೆ. ಹೌದೋ ಅಲ್ಲವೋ ಅನ್ನೋದೂ ಅಲ್ಲೇ ಗೊತ್ತಾಗೋದು. ದುರ್ಯೋಧನ ಎದೆ ಉಬ್ಬಿಸಿ “ಪಾಂಡವರಿಗೆ ಅರ್ಧ ರಾಜ್ಯವನ್ನು” ಅಂತ ಗುಡುಗಿ, ಉಸಿರು ಮುಗಿದು, ಕೊನೇ ಪದ ನುಂಗಿದ ಅನ್ಕೊಳ್ಳಿ. ಕೊಡುವೆನು ಅಂದನೋ ಕೊಡೆನು ಅಂದನೋ? ಮಹಾಭಾರತವೇ ಆ ಒಂದು ಪದದ ಮೇಲೆ ನಿಂತಿದೆ. ಅದಕ್ಕೇ ಒಳ್ಳೇ ಮೇಷ್ಟ್ರು ವಾಕ್ಯವನ್ನ ಹಿಂದಿನಿಂದ ಹೇಳಿಸ್ತಾರೆ. ಮೊದಲು ಕೊನೇ ಪದ, ಆಮೇಲೆ ಕೊನೇ ಎರಡು, ಹಂಗೇ ಹಿಂದಕ್ಕೆ. ಉಚ್ಚಾರಕ್ಕೆ ತರೀಕೆರೆ ಏರಿ ಕುರಿಮರಿಯ ಮಾತು ಎಲ್ಲರಿಗೂ ಗೊತ್ತೇ ಇದೆ. ಭೀಮ ‘ಬೀಮ’ ಆಗದಂಗೆ, ಶಕುನಿ ‘ಸಕುನಿ’ ಆಗದಂಗೆ ತಿದ್ದೋದು ಬೇರೆ ಕೆಲಸ. ನಮ್ಮ ಕಡೆ ಆಡುಮಾತಿನಲ್ಲಿ ಅದು ತಪ್ಪಲ್ಲ, ಪೌರಾಣಿಕ ನಾಟಕದಲ್ಲಿ ಮಾತ್ರ ಕಿವಿಗೆ ಚುಚ್ಚುತ್ತೆ.

ಪದ್ಯ ಹೇಳೋದು, ಹಾಡೋದು ಬೇರೆ ಬೇರೆ

ಪೌರಾಣಿಕ ನಾಟಕದಲ್ಲಿ ಕಂದ ಬರುತ್ತೆ, ವೃತ್ತ ಬರುತ್ತೆ, ಷಟ್ಪದಿ ಬರುತ್ತೆ. ಕುಮಾರವ್ಯಾಸ ಬರೆದಿದ್ದು ಭಾಮಿನಿ ಷಟ್ಪದಿಯಲ್ಲಿ. ಅದರ ನಡೆ ಮೂರು ಮಾತ್ರೆ, ನಾಲ್ಕು ಮಾತ್ರೆ: ತಕಿಟ, ತಕಧಿಮಿ. ಒಂದು ಸಾಲಿಗೆ ಹಂಗೆ ಎರಡು ಸಲ, ಒಟ್ಟು 14. ಮೂರನೇ ಮತ್ತು ಆರನೇ ಸಾಲು ಮಾತ್ರ ಉದ್ದ, 23 ಮಾತ್ರೆ. ಕಂದಪದ್ಯ ನಾಲ್ಕು ಸಾಲು, 12, 20, 12, 20. ಈ ಲೆಕ್ಕ ಕೈಚಪ್ಪಾಳೆಗೆ ಕೂತುಬಿಟ್ರೆ ಪದ್ಯ ಮರೆಯೋದೂ ಕಷ್ಟ. ನಡುವೆ ಒಂದು ಪದ ಬಿಟ್ಟರೆ ಕೈಯೇ ತಪ್ಪು ತೋರಿಸುತ್ತೆ.

ಆದ್ರೆ ಬರೀ ತಾಳಕ್ಕೆ ಹೇಳಿದ್ರೆ ಮಗ್ಗಿ ಒಪ್ಪಿಸಿದಂಗಾಗುತ್ತೆ. ಷಟ್ಪದಿಯಲ್ಲಿ ಎಷ್ಟೋ ಸಲ ಪದ ಈ ಸಾಲಲ್ಲಿ ಶುರುವಾಗಿ ಮುಂದಿನ ಸಾಲಲ್ಲಿ ಮುಗಿಯುತ್ತೆ. ಸಾಲು ಮುಗೀತು ಅಂತ ಅಲ್ಲೇ ನಿಂತ್ರೆ ಅರ್ಥ ತುಂಡಾಗುತ್ತೆ. ತಾಲೀಮಿನ ಕ್ರಮ ಹೀಗೆ: ಮೊದಲು ಪದ ಬಿಡಿಸಿ ನಮ್ಮ ಮಾತಲ್ಲಿ ಅರ್ಥ ಹೇಳು, ಆಮೇಲೆ ತಾಳಕ್ಕೆ ಹೇಳು, ಆಮೇಲೆ ತಾಳ ಒಳಗೇ ಇಟ್ಕೊಂಡು ಎದುರಿನವನಿಗೆ ಹೇಳು. ರಾಗ ಕೊನೇಲಿ. ನಮ್ಮಲ್ಲಿ ಇದು ಉಲ್ಟಾ ನಡೀತಿದೆ. ಮೊದಲ ದಿನವೇ ಹಾರ್ಮೋನಿಯಂ ಮುಂದೆ ಕೂರಿಸಿ ರಾಗ ಹಿಡಿಸ್ತಾರೆ, ಅರ್ಥ ಕೇಳಿದ್ರೆ ಹುಡುಗ ಮುಖ ಮುಖ ನೋಡ್ತಾನೆ.

ಆಶುಮಾತು ಅಂದ್ರೆ ಏನಾದ್ರೂ ಮಾತಾಡೋದಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ಭಾಗವತರ ಪದ್ಯ ಮಾತ್ರ ಗಟ್ಟಿ, ಅರ್ಥಧಾರಿಗಳ ಮಾತೆಲ್ಲ ಅಲ್ಲೇ ಹುಟ್ಟೋದು. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಅವತ್ತವತ್ತಿನ ರಾಜಕೀಯವನ್ನ ಎಳೆದು ತರ್ತಿದ್ದರು, ತಿರುಗಿ ಕಥೆಯ ಹಳಿಗೆ ಬರೋದೂ ಅವರಿಗೆ ಗೊತ್ತಿತ್ತು. ಕಲಿಯೋರಿಗೆ ಒಂದು ಸುಲಭ ಆಟ: ಒಬ್ಬ ಅಂಗಡಿಯವ, ಇನ್ನೊಬ್ಬ ಗಿರಾಕಿ, ಇಬ್ಬರೂ ‘ಇಲ್ಲ’ ಅನ್ನೋ ಪದ ಬಳಸದೇ ಐದು ನಿಮಿಷ ಚೌಕಾಸಿ ಮಾಡಬೇಕು. ಎದುರಿನವನ ಮಾತು ಕೇಳಿಸಿಕೊಳ್ಳದಿದ್ರೆ ಎರಡನೇ ನಿಮಿಷಕ್ಕೇ ಸಿಕ್ಕಿಬೀಳ್ತೀರಿ. ಈಗ ಕಾಮಿಡಿ ಸೀನಲ್ಲಿ ಡಬಲ್ ಮೀನಿಂಗ್ ತುರುಕಿ ಅದನ್ನೇ ಆಶುಮಾತು ಅಂತಾರಲ್ಲ, ಅದಕ್ಕೆ ತಾಲೀಮು ಬೇಕಾಗಿಲ್ಲ ಬಿಡಿ.

ಕಾಲಕ್ಕೆ ತಕ್ಕ ಮೈ

ಕಿರೀಟ ಇಟ್ಕೊಂಡವನು ತಲೆ ತಟ್ಟನೆ ತಿರುಗಿಸಂಗಿಲ್ಲ, ಮೈಯೆಲ್ಲ ತಿರುಗಬೇಕು. ಹಂಗಾಗಿ ಕಡೇ ದಿನ ಡ್ರೆಸ್ ತಂದು ಕೊಟ್ರೆ ಆಗಲ್ಲ. ಪಂಚೆ, ಗದೆ, ಒಂದು ತೂಕದ ರುಮಾಲು ಇವನ್ನ ತಾಲೀಮಿನ ಮೊದಲ ವಾರದಿಂದಲೇ ಹಾಕ್ಕೊಂಡು ನಡೀಬೇಕು. ಹಳೇ ಕಾಲದ ನಿಲುವು ನೋಡೋಕೆ ದೂರ ಹೋಗೋದೇನೂ ಬೇಡ. ಹರಿಹರೇಶ್ವರ ದೇವಸ್ಥಾನ ಕಟ್ಟಿದ್ದು 1224ರ ಸುಮಾರಿಗೆ, ಹೊಯ್ಸಳರ ಕಾಲದಲ್ಲಿ. ಆ ಕಾಲದ ಮೂರ್ತಿಗಳ ಮುಂದೆ ಅರ್ಧ ಗಂಟೆ ನಿಂತು ಮೈಭಾರ ಯಾವ ಕಾಲ ಮೇಲಿದೆ, ಕೈ ಎಲ್ಲಿದೆ ಅಂತ ನೋಡಿದ್ರೆ ನಟನಿಗೆ ಅದೇ ಒಂದು ಪಾಠ. ದೇವರ ನಿಲುವು ರೈತನ ನಿಲುವಲ್ಲ ಅನ್ನೋದು ಮಾತ್ರ ನೆನಪಿರಲಿ.

ಕಾಲ ಮಾತಲ್ಲೂ ಇರುತ್ತೆ. ಕಲ್ಯಾಣದ ಶರಣರ ಬಗ್ಗೆ ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ಮೂರೂ ಇವೆ. ಒಂದೇ 12ನೇ ಶತಮಾನ, ಮೂರು ಥರದ ಕನ್ನಡ. ಎಲ್ಲದಕ್ಕೂ ಒಂದೇ ‘ಐತಿಹಾಸಿಕ ದನಿ’ ಹಚ್ಚಿದ್ರೆ ಮೂರೂ ಒಂದೇ ನಾಟಕ ಆಗಿಬಿಡುತ್ತೆ. ಕೈಲಾಸಂ ಅವರ ಇಂಗ್ಲಿಷ್ ಬೆರೆತ ಮನೆಮಾತನ್ನ ನಮ್ಮ ರಾಗದಲ್ಲಿ ಹೇಳಿದ್ರೆ ಅರ್ಧ ಜೋಕು ಅಲ್ಲೇ ಸಾಯುತ್ತೆ.

ಕಲಿಯೋದೆಲ್ಲಿ? ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1980ರಿಂದ ರಂಗಶಿಕ್ಷಣ ಕೇಂದ್ರ ನಡೆಸ್ತಿದೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಲ್ಲಿ 1997ರಿಂದ ನಾಟಕ ಹೊತ್ತು ತಿರುಗುವ ಶಿವಸಂಚಾರ ಇದೆ, ಜೊತೆಗೆ ರಂಗಶಾಲೆಯೂ ಇದೆ. ವೃತ್ತಿ ರಂಗಭೂಮಿಗೆ ಅಂತಲೇ ಸರ್ಕಾರ ಮಾಡಿದ ರಂಗಾಯಣ ಸಿಕ್ಕಿರೋದು ನಮ್ಮ ಜಿಲ್ಲೆಗೇ, ಹರಿಹರ ತಾಲ್ಲೂಕಿನ ಕೊಂಡಜ್ಜಿಗೆ. ಹಳೇ ಕಂಪನಿಯ ಹಾಡು, ಶ್ರುತಿ, ನಡಿಗೆ ಬಲ್ಲ ಹಿರಿಯರು ಇರುವಾಗಲೇ ಊರಿನ ಹುಡುಗರಿಗೆ ಅದು ಅಲ್ಲಿ ಸಿಗಬೇಕು. ಅವರು ಹೋದ ಮೇಲೆ ಎಷ್ಟು ಕಟ್ಟಡ ಕಟ್ಟಿದರೂ ಕಲಿಸೋಕೆ ಯಾರಿರ್ತಾರೆ?

ಅಂಗಡಿ ಬಿಟ್ಟು ವರ್ಷಗಟ್ಟಲೆ ಹೋಗೋಕೆ ಆಗದವರು ಊರಿನ ತಾಲೀಮಲ್ಲೇ ದಿನಾ ಇಪ್ಪತ್ತು ನಿಮಿಷ ಉಸಿರಿಗೆ, ಪದ್ಯಕ್ಕೆ ಅಂತ ತೆಗೆದಿಡಬಹುದು. ಪಟ್ಟಿ ಕೇಳೋಕೆ ಬಂದವರನ್ನ ಅಂಗಡಿಯವರೂ ತಾಲೀಮು ಎಷ್ಟು ದಿನ ಅಂತ ಒಂದು ಮಾತು ಕೇಳಬಹುದು, ದುಡ್ಡು ಕೊಡೋರು ತಾನೇ. ನಾಟಕದ ದಿನ ಸಂಜೆ ಮಂಡಕ್ಕಿ ಮಿರ್ಚಿ ಬೇಡ, ನೀರು ಆಗಾಗ ಕುಡೀತಿರಿ. ದನಿ ಕಟ್ಟಿದ್ರೆ ಪಿಸುಮಾತೂ ಬೇಡ, ಅದೂ ಗಂಟಲಿಗೆ ವಿಶ್ರಾಂತಿ ಅಲ್ಲ. ನಾಟಕ ಮುಗಿದು ಮೂರು ವಾರ ಆದರೂ ದನಿ ಸರಿಹೋಗದಿದ್ರೆ ಕಷಾಯ ಬಿಟ್ಟು ಕಿವಿ-ಮೂಗು-ಗಂಟಲು ಡಾಕ್ಟರ ಹತ್ರ ಹೋಗಿ ತೋರಿಸಿ.