ನಿರಾಶ್ರಿತರೂ ನೆತ್ತರಿನ ಕಾಮಾಲೆಯೂ

ಕಾಮಾಲೆಯೆಂಬ ಮಾತು ಮಲೆನಾಡಿನವರಿಗೆ ಹೊಸದಲ್ಲ. ಮೂಡಿಗೆರೆಯ ಕಡೆಯಿರಲಿ, ಕಳಸದ ಕಡೆಯಿರಲಿ, ಕಣ್ಣು ಹಳದಿಯಾಗಿ, ಅನ್ನ ಸೇರದೆ, ಮೈ ಸೋತು ಮಲಗಿದವರ ಸುದ್ದಿ ಆಗಾಗ ಕಿವಿಗೆ ಬೀಳುವುದುಂಟು. ಆಗ ಮನೆಯ ಹಿರಿಯರು ನೆಲನೆಲ್ಲಿಯನ್ನು ಹುಡುಕಿಸಿ ತರಿಸುತ್ತಾರೆ. ಎಣ್ಣೆ ಖಾರಗಳನ್ನು ಬಿಡಿಸಿ ಪಥ್ಯ ಹಾಕುತ್ತಾರೆ. ಕೆಲವು ವಾರಗಳಲ್ಲಿ ರೋಗಿ ಎದ್ದು ಓಡಾಡುತ್ತಾನೆ; ಔಷಧಿ ಕೊಟ್ಟವರ ಕೈಗುಣವನ್ನು ಊರು ಹೊಗಳುತ್ತದೆ. ಆದರೆ ಕಾಮಾಲೆಯೆಂಬ ಒಂದೇ ಹೆಸರಿನ ಕೆಳಗೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ರೋಗಗಳು ಅಡಗಿವೆ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕಾಮಾಲೆ ರೋಗವಲ್ಲ, ರೋಗದ ಲಕ್ಷಣ. ಯಕೃತ್ತು ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದೆ ಹೋದಾಗ ಪಿತ್ತದ ಬಣ್ಣ ರಕ್ತದಲ್ಲಿ ಉಳಿದು ಕಣ್ಣಿನಲ್ಲಿಯೂ ಚರ್ಮದಲ್ಲಿಯೂ ತೋರುತ್ತದೆ, ಅಷ್ಟೆ.

ಯಕೃತ್ತಿಗೆ ಉರಿಯೂತ ತರುವ ವಿಷಾಣುಗಳಲ್ಲಿ ಮುಖ್ಯವಾದವು ಐದು. ಅವುಗಳಿಗೆ ಎ, ಬಿ, ಸಿ, ಡಿ, ಇ ಎಂದು ಅಕ್ಷರಗಳನ್ನೇ ಹೆಸರಾಗಿ ಇಟ್ಟಿದ್ದಾರೆ. ಎ ಮತ್ತು ಇ ಎಂಬವು ಕೊಳೆತ ನೀರು, ಕಲುಷಿತ ಆಹಾರಗಳ ಮೂಲಕ ಬರುತ್ತವೆ. ಬಂದಂತೆಯೇ, ಬಹುಮಟ್ಟಿಗೆ, ಹೋಗಿಬಿಡುತ್ತವೆ. ಮಳೆಗಾಲದ ಕಾಮಾಲೆ ಹೆಚ್ಚಾಗಿ ಇವುಗಳದು. ಪಥ್ಯದ ಔಷಧಿಗೆ ಕೀರ್ತಿ ಬರುವುದೂ ಇವುಗಳಿಂದಲೇ. ಬಿ ಮತ್ತು ಸಿ ಎಂಬವುಗಳ ರೀತಿಯೇ ಬೇರೆ. ಅವು ನೀರಿನಲ್ಲಿ ಬರುವುದಿಲ್ಲ. ನೆತ್ತರಿನಿಂದ ನೆತ್ತರಿಗೆ ದಾಟುತ್ತವೆ. ಅನೇಕರಲ್ಲಿ ಅವು ಕಾಮಾಲೆಯ ಲಕ್ಷಣವನ್ನೇ ತೋರದೆ ಒಳಗೆ ಸೇರಿ, ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಇದ್ದು, ಕೊನೆಗೆ ಯಕೃತ್ತನ್ನು ಗಂಟುಗಂಟಾಗಿಸಿಯೋ, ಅದರಲ್ಲಿ ಕ್ಯಾನ್ಸರ್ ಹುಟ್ಟಿಸಿಯೋ ಮನುಷ್ಯನನ್ನು ಕೆಡಹುತ್ತವೆ. ಡಿ ಎಂಬುದು ಬಿ ವಿಷಾಣುವಿನ ನೆರಳಿನಲ್ಲಿ ಮಾತ್ರ ಬದುಕಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಲೋಕದಲ್ಲಿ ಸುಮಾರು 25 ಕೋಟಿ 40 ಲಕ್ಷ ಜನರ ರಕ್ತದಲ್ಲಿ ಬಿ ವಿಷಾಣುವೂ ಸುಮಾರು 5 ಕೋಟಿ ಜನರಲ್ಲಿ ಸಿ ವಿಷಾಣುವೂ ನೆಲೆಸಿದ್ದವು. ಆ ಒಂದು ವರ್ಷದಲ್ಲಿ ಇವೆರಡರಿಂದ ಸತ್ತವರು ಸುಮಾರು 13 ಲಕ್ಷ. ಭಾರತದ ಪಾಲು ಬಿ ವಿಷಾಣುವಿನಲ್ಲಿ ಹತ್ತಿರ ಹತ್ತಿರ 3 ಕೋಟಿ.

ಬಿ ವಿಷಾಣು ಪತ್ತೆಯಾದ ಬಗೆ ಸ್ವಾರಸ್ಯವಾಗಿದೆ. ಅಮೆರಿಕದ ಬರೂಕ್ ಬ್ಲೂಂಬರ್ಗ್ ಅವರು ಕಾಮಾಲೆಯನ್ನು ಹುಡುಕಿ ಹೊರಟವರಲ್ಲ. ಬೇರೆ ಬೇರೆ ನಾಡಿನ ಜನರ ರಕ್ತದಲ್ಲಿ ಹುಟ್ಟಿನಿಂದ ಬರುವ ವ್ಯತ್ಯಾಸಗಳೇನೆಂದು ತಿಳಿಯಲು ಅವರು ಲೋಕದ ನಾನಾ ಭಾಗಗಳಿಂದ ರಕ್ತದ ಮಾದರಿಗಳನ್ನು ಕೂಡಿಸಿದ್ದರು. ಪದೇ ಪದೇ ಪರರ ರಕ್ತ ಪಡೆದಿದ್ದ ಅಮೆರಿಕದ ರೋಗಿಯೊಬ್ಬನ ರಕ್ತಸಾರ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬನ ರಕ್ತಸಾರದೊಡನೆ ಕೂಡಿ ಒಂದು ಗೆರೆಯನ್ನು ಮೂಡಿಸಿತು. ಆ ಹೊಸ ವಸ್ತುವಿಗೆ 'ಆಸ್ಟ್ರೇಲಿಯಾ ಆಂಟಿಜೆನ್' ಎಂದು ಹೆಸರಾಯಿತು. 1965ರಲ್ಲಿ ಅದರ ವರದಿ ಪ್ರಕಟವಾಯಿತು. ಅದು ಒಂದು ಜನಾಂಗದ ಗುರುತಲ್ಲ, ಬಿ ವಿಷಾಣುವಿನ ಹೊರಕವಚವೆಂದು ತಿಳಿಯಲು ಇನ್ನೂ ಕೆಲವು ವರ್ಷ ಬೇಕಾಯಿತು. ಈ ಶೋಧಕ್ಕಾಗಿ ಬ್ಲೂಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಅವರ ಜನ್ಮದಿನವಾದ ಜುಲೈ 28ನ್ನು ಇಂದು ವಿಶ್ವ ಹೆಪಟೈಟಿಸ್ ದಿನವೆಂದು ಆಚರಿಸುತ್ತಾರೆ. ಈ ಕಥೆಯಲ್ಲಿ ನಾವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದುದು ಆ ಮೊದಲ ಹೆಸರನ್ನು. ಯಾರ ರಕ್ತದಲ್ಲಿ ಮೊದಲು ಕಂಡಿತೋ ಅವರ ನಾಡಿನ ಹೆಸರು ಅದಕ್ಕೆ ಅಂಟಿತು. ವಸ್ತುವಾದರೋ ಎಲ್ಲ ನಾಡಿನಲ್ಲಿಯೂ ಇತ್ತು.

ನಮ್ಮ ರಾಜ್ಯದಲ್ಲಿಯೂ ಇಂಥದೇ ಒಂದು ಪ್ರಸಂಗವಿದೆ. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ಮೇಲೆ ಅವರ ಹಿಂದೆಯೇ ಸಹಸ್ರಾರು ಟಿಬೆಟನ್ನರು ಹಿಮಾಲಯವನ್ನು ದಾಟಿದರು. ಅಸ್ಸಾಮಿನ ಮಿಸಾಮಾರಿ, ಬಂಗಾಳದ ಬಕ್ಸಾ ಮೊದಲಾದ ಶಿಬಿರಗಳಲ್ಲಿ ಅವರು ಒತ್ತೊತ್ತಾಗಿ ದಿನ ಕಳೆದರು. ಗಟ್ಟಿಮುಟ್ಟಾದವರು ಬೆಟ್ಟದ ರಸ್ತೆಗಳ ಕೆಲಸಕ್ಕೆ ಹೋದರು. 1960ರಲ್ಲಿ ಅಂದಿನ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯ ಬಳಿ ಸುಮಾರು ಮೂರು ಸಾವಿರ ಎಕರೆ ಕಾಡುಭೂಮಿಯನ್ನು ಅವರ ವಸತಿಗಾಗಿ ಕೊಟ್ಟಿತು. ಮುಂದೆ 1966ರಲ್ಲಿ ಮುಂಡಗೋಡು, 1969ರಲ್ಲಿ ಬೈಲುಕುಪ್ಪೆಯಲ್ಲಿಯೇ ಎರಡನೆಯ ವಸತಿ, 1972ರಲ್ಲಿ ಹುಣಸೂರಿನ ಗುರುಪುರ, ಬಳಿಕ ಕೊಳ್ಳೇಗಾಲದ ಒಡೆಯರಪಾಳ್ಯ, ಹೀಗೆ ಕನ್ನಡ ನಾಡು ಅವರಿಗೆ ನೆಲೆ ನೀಡಿತು. ತಣ್ಣನೆಯ ಎತ್ತರದ ನಾಡಿನಿಂದ ಬಂದವರು ನಮ್ಮ ಬಿಸಿಲಿಗೂ ಮಳೆಗೂ ಒಗ್ಗಿಕೊಂಡು, ಕಾಡು ಕಡಿದು, ಮುಸುಕಿನ ಜೋಳ ಬೆಳೆದರು.

ಈ ವಸತಿಗಳಲ್ಲಿ ಆರೋಗ್ಯದ ವಿಚಾರವಾಗಿ ಎದ್ದುಕಂಡ ಎರಡು ಸಂಗತಿಗಳೆಂದರೆ ಕ್ಷಯ ಮತ್ತು ಹೆಪಟೈಟಿಸ್ ಬಿ. ಬೈಲುಕುಪ್ಪೆಯ ಟಿಬೆಟನ್ನರ ರಕ್ತವನ್ನು ಪರೀಕ್ಷಿಸಿದ ಒಂದು ದೊಡ್ಡ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಯಲ್ಲಿ ಬಿ ವಿಷಾಣು ಕಂಡಿತು. ಭಾರತದ ಒಟ್ಟು ಜನಸಂಖ್ಯೆಯಲ್ಲಿ ಈ ಪ್ರಮಾಣ, ಬೇರೆ ಬೇರೆ ಅಂದಾಜುಗಳಂತೆ, ನೂರಕ್ಕೆ ಒಂದರಿಂದ ನಾಲ್ಕು. ಎಂದರೆ ನೆರೆಯ ಊರಿನವರಿಗಿಂತ ಇವರಲ್ಲಿ ಎರಡು ಮೂರು ಪಟ್ಟಾದರೂ ಹೆಚ್ಚು. ಇದನ್ನು ಕೇಳಿದೊಡನೆ ಅವಸರದ ಮನಸ್ಸು 'ಇದು ಅವರ ರೋಗ' ಎಂದು ತೀರ್ಮಾನಿಸಿಬಿಡುತ್ತದೆ. ಆ ತೀರ್ಮಾನ ಸರಿಯೇ ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಬಿ ವಿಷಾಣುವಿನ ನಡತೆಯನ್ನು ತಿಳಿಯಲು ಒಂದು ಸೂತ್ರ ಸಾಕು: ಅದು ಯಾವ ವಯಸ್ಸಿನಲ್ಲಿ ಒಳಹೊಕ್ಕಿತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಬೆಳೆದ ವಯಸ್ಕನ ದೇಹ ಈ ಅತಿಥಿಯನ್ನು ಶತ್ರುವೆಂದು ಗುರುತಿಸಿ ಹೋರಾಡುತ್ತದೆ. ನೂರರಲ್ಲಿ ತೊಂಬತ್ತೈದು ಮಂದಿ ಅದನ್ನು ಹೊರದೂಡುತ್ತಾರೆ. ಹೆರಿಗೆಯ ಸಮಯದಲ್ಲಿ ತಾಯಿಯಿಂದ ವಿಷಾಣುವನ್ನು ಪಡೆದ ಹಸುಗೂಸಿನ ದೇಹಕ್ಕಾದರೋ ತನ್ನದು ಯಾವುದು, ಪರಕೀಯವಾದುದು ಯಾವುದು ಎಂಬ ಭೇದವೇ ಇನ್ನೂ ಬಲಿತಿರುವುದಿಲ್ಲ. ಅಂಥ ಕೂಸುಗಳಲ್ಲಿ ನೂರಕ್ಕೆ ತೊಂಬತ್ತರಲ್ಲಿ ಅದು ಜೀವನಪರ್ಯಂತ ನೆಲೆಸುತ್ತದೆ. ಆ ಕೂಸು ಹೆಣ್ಣಾಗಿದ್ದು, ಬೆಳೆದು ತಾಯಿಯಾದರೆ, ಸರಪಣಿಯ ಮತ್ತೊಂದು ಕೊಂಡಿ ಬೆಸೆದುಕೊಳ್ಳುತ್ತದೆ. ಟಿಬೆಟ್ ಮತ್ತು ಅದರ ಸುತ್ತಣ ಪ್ರದೇಶಗಳಲ್ಲಿ ಈ ಸರಪಣಿ ಹಳೆಯದು. ಚೀನಾದಲ್ಲಿ ಮಕ್ಕಳಿಗೆ ಇದರ ಲಸಿಕೆ ಆರಂಭವಾದುದು 1992ರಲ್ಲಿ. ಮೊದಲ ಹತ್ತು ವರ್ಷ ಅದಕ್ಕೆ ತಂದೆತಾಯಿಗಳೇ ಹಣ ತೆರಬೇಕಾಗಿತ್ತು. ಅದಕ್ಕೆ ಮುಂಚೆ ಅಲ್ಲಿ ಹುಟ್ಟಿ ಇಲ್ಲಿಗೆ ಬಂದವರಿಗೆ ಲಸಿಕೆಯ ರಕ್ಷೆ ಇರಲಿಲ್ಲ. ಇಲ್ಲಿ ಹುಟ್ಟಿದವರಿಗಾದರೂ ಇತ್ತೆ? ಕರ್ನಾಟಕದ ಸರ್ಕಾರಿ ಲಸಿಕೆಗಳ ಪಟ್ಟಿಗೆ ಇದು ಸೇರಿದ್ದು 2007-08ರ ವಿಸ್ತರಣೆಯಲ್ಲಿ. ದೇಶದಾದ್ಯಂತ ಬಂದುದು 2011ರಲ್ಲಿ. ಆದುದರಿಂದ ಈ ವಿಷಯದಲ್ಲಿ ನಿರಾಶ್ರಿತನಾಗಲಿ ನಾಡಿಗನಾಗಲಿ, ಆ ಕಾಲಕ್ಕೆ ಮುಂಚೆ ಹುಟ್ಟಿದ ಬಡವನ ಮಗು ಒಂದೇ ದೋಣಿಯಲ್ಲಿತ್ತು.

ಇದರೊಡನೆ ವಲಸೆಯ ಕಷ್ಟಗಳೂ ಸೇರುತ್ತವೆ. ಇಕ್ಕಟ್ಟಾದ ವಾಸ, ಮಕ್ಕಳ ಮೈಯ ಗಾಯಗಳು, ಒಂದೇ ಕ್ಷೌರದ ಕತ್ತಿ, ಒಂದೇ ಹಲ್ಲುಜ್ಜುವ ಬ್ರಷ್ಷು, ಸರಿಯಾಗಿ ಕುದಿಸದ ಸೂಜಿ, ಇವೆಲ್ಲ ನೆತ್ತರಿಗೆ ದಾರಿಗಳು. ಬಿ ವಿಷಾಣು ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲಿ, ಏಳು ದಿನವಾದರೂ ಜೀವ ಹಿಡಿದಿರಬಲ್ಲದು. ಭಾಷೆ ತಿಳಿಯದ ಊರಿನಲ್ಲಿ ಆಸ್ಪತ್ರೆಯ ಬಾಗಿಲು ತಟ್ಟಲು ಅಂಜಿಕೆ. ತಟ್ಟಿದರೂ ಮುಂದಿನ ತಿಂಗಳು ಅದೇ ಊರಿನಲ್ಲಿ ಇರುವೆನೆಂಬ ಭರವಸೆಯಿಲ್ಲ. ಹೀಗೆ ನೋಡಿದರೆ ಆ 'ನೂರಕ್ಕೆ ಒಂಬತ್ತು' ಎಂಬ ಅಂಕಿ ಒಂದು ಜನಾಂಗದ ಗುಣವನ್ನು ಹೇಳುವುದಿಲ್ಲ. ತಪ್ಪಿಹೋದ ಲಸಿಕೆಯ ಕಥೆಯನ್ನು, ಕಳೆದುಹೋದ ಊರಿನ ಕಥೆಯನ್ನು ಅದು ಹೇಳುತ್ತದೆ.

ರೋಗ ಹಿಡಿಯುವುದು ದಾರಿಯನ್ನು, ಜಾತಿಯನ್ನಲ್ಲ ಎಂಬುದಕ್ಕೆ ಸಾಕ್ಷಿ ಬೇಕಾದರೆ ಗುಜರಾತಿನ ಮೊಡಾಸಾ ಪಟ್ಟಣವನ್ನು ನೋಡಬಹುದು. 2009ರಲ್ಲಿ ಸಾಬರಕಾಂಠಾ ಜಿಲ್ಲೆಯ ಆ ಪಟ್ಟಣದಲ್ಲಿಯೂ ಸುತ್ತಮುತ್ತಲೂ ಹೆಪಟೈಟಿಸ್ ಬಿ ಹಠಾತ್ತಾಗಿ ಕಾಣಿಸಿಕೊಂಡು ನೂರಾರು ಮಂದಿಯನ್ನು ಹಿಡಿಯಿತು. ಹತ್ತಾರು ಮಂದಿ ತೀರಿಕೊಂಡರು. ಅಲ್ಲಿ ವಲಸೆಯೂ ಇರಲಿಲ್ಲ, ಶಿಬಿರವೂ ಇರಲಿಲ್ಲ. ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದು ಆ ಅನರ್ಥಕ್ಕೆ ಕಾರಣವೆಂದು ತನಿಖೆಯಿಂದ ಹೊರಬಿತ್ತು. ನೆತ್ತರು ನೆತ್ತರನ್ನು ಕೂಡುವ ದಾರಿಯನ್ನು ಯಾರು ತೆರೆದರೂ ವಿಷಾಣು ಅದರಲ್ಲಿ ನಡೆಯುತ್ತದೆ.

ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಟಿಬೆಟನ್ ವಸತಿಯಿಲ್ಲ. ಹಾಗೆಂದು ಈ ವಿಚಾರ ನಮಗೆ ಸಂಬಂಧಿಸಿದುದಲ್ಲವೆಂದು ಹೇಳುವಂತಿಲ್ಲ. ಕಾಫಿಯ ಬೆಟ್ಟಗಳು ಎಂದಿನಿಂದಲೂ ಹೊರಗಿನವರ ಬೆವರಿನಿಂದ ಹಸಿರಾದವು. ಘಟ್ಟದ ಕೆಳಗಿನಿಂದಲೂ ತಮಿಳುನಾಡಿನಿಂದಲೂ ಬಂದವರ ಕೈಗಳು ಇಲ್ಲಿ ಗಿಡ ನೆಟ್ಟವು, ಮರಗಸಿ ಮಾಡಿದವು, ಹಣ್ಣು ಕೊಯ್ದವು. ಈಚಿನ ವರ್ಷಗಳಲ್ಲಿ ಅಸ್ಸಾಮ್, ಬಂಗಾಳ, ಝಾರ್ಖಂಡ್ ಕಡೆಯ ಕುಟುಂಬಗಳು ತೋಟದ ಲೈನುಗಳಲ್ಲಿ ಕಾಣುತ್ತಿವೆ. ಕಾನೂನಿನ ಮಾತಿನಲ್ಲಿ ಇವರು ನಿರಾಶ್ರಿತರಲ್ಲ. ಸ್ವದೇಶದಲ್ಲಿಯೇ ಅನ್ನಕ್ಕಾಗಿ ಊರು ಬಿಟ್ಟವರು. ಆದರೆ ಕೊಯ್ಲು ಮುಗಿದೊಡನೆ ಬೇರೆ ತೋಟಕ್ಕೆ, ಬೇರೆ ಜಿಲ್ಲೆಗೆ ನಡೆಯುವ ತಾಯಿಯ ಮಗುವಿಗೆ ಲಸಿಕೆಯ ಒಂದೊಂದು ಸರದಿಯೂ ತಪ್ಪಿಹೋಗುವ ಅಪಾಯ ಶಿಬಿರದ ಮಗುವಿಗಿದ್ದಂತೆಯೇ ಇದೆ.

ಇಲ್ಲಿ ನೆಲನೆಲ್ಲಿಯ ವಿಚಾರವನ್ನು ಮತ್ತೆ ಎತ್ತಬೇಕಾಗುತ್ತದೆ. ನಮ್ಮ ಹಿತ್ತಲಿನ ಈ ಪುಟ್ಟ ಗಿಡವನ್ನು ವಿಜ್ಞಾನ ಕಡೆಗಣಿಸಿತೆಂದು ಯಾರೂ ತಿಳಿಯಬೇಕಾಗಿಲ್ಲ. ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಅದೇ ಬ್ಲೂಂಬರ್ಗ್ ಅವರೊಡನೆ ಸೇರಿ ಬಿ ವಿಷಾಣುವಿನ ಮೇಲೆ ಅದನ್ನು ಪ್ರಯೋಗಿಸಿ, 1988ರಲ್ಲಿ 'ಲ್ಯಾನ್ಸೆಟ್' ಎಂಬ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಆಶಾದಾಯಕವಾದ ಫಲವನ್ನು ಪ್ರಕಟಿಸಿದರು. ಆದರೆ ಬೇರೆ ಕಡೆ ನಡೆದ ಪ್ರಯೋಗಗಳು ಅದೇ ಫಲವನ್ನು ಕೊಡಲಿಲ್ಲ. ನೀರಿನ ಕಾಮಾಲೆ ತಾನಾಗಿಯೇ ಇಳಿಯುವಂಥದು. ಅಲ್ಲಿ ಪಥ್ಯವೂ ವಿಶ್ರಾಂತಿಯೂ ಸಾಕಾಗಬಹುದು. ನೆತ್ತರಿನ ಕಾಮಾಲೆಯಲ್ಲಿ ಕಣ್ಣು ಬೆಳ್ಳಗಾದ ಮಾತ್ರಕ್ಕೆ ವಿಷಾಣು ತೊಲಗಿತೆಂದು ನಂಬುವುದು ಅಪಾಯಕರ. ಎರಡನ್ನೂ ಬೇರೆ ಮಾಡಿ ತೋರಿಸುವುದು ರಕ್ತಪರೀಕ್ಷೆಯೊಂದೇ.

ಸಂತೋಷದ ಸಂಗತಿಯೆಂದರೆ ಈ ರೋಗದ ಮುಂದೆ ನಾವು ಇಂದು ನಿರಾಯುಧರಲ್ಲ. ಬಿ ವಿಷಾಣುವಿನ ಲಸಿಕೆ 1981ರಲ್ಲಿ ಅಮೆರಿಕದಲ್ಲಿ ಅಂಗೀಕಾರ ಪಡೆಯಿತು. ಮೊದಮೊದಲು ಅದು ಸಾಮಾನ್ಯರಿಗೆ ಎಟುಕದಷ್ಟು ದುಬಾರಿ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆ ಅದನ್ನು ಸ್ವದೇಶದಲ್ಲಿಯೇ ತಯಾರಿಸಿದ ಮೇಲೆ ಬೆಲೆ ಇಳಿಯಿತು. 1984ರಲ್ಲಿಯೇ ಕೂಸುಗಳಿಗೆ ಲಸಿಕೆ ಹಾಕತೊಡಗಿದ ತೈವಾನಿನಲ್ಲಿ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಗಣನೀಯವಾಗಿ ಇಳಿದುಹೋಯಿತು. ಕ್ಯಾನ್ಸರನ್ನು ತಡೆಯುವ ಮೊದಲ ಲಸಿಕೆಯೆಂಬ ಗೌರವ ಇದಕ್ಕೆ ಸಂದಿದೆ. ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳ ಒಳಗೆ ಮೊದಲ ಚುಚ್ಚುಮದ್ದು, ಬಳಿಕ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಉಳಿದವು. ಸರಪಣಿ ಕಡಿಯುವುದು ಇಷ್ಟರಿಂದ. ತಾಯಿಯಲ್ಲಿ ವಿಷಾಣು ಇದ್ದರೆ ಕೂಸಿಗೆ ಸಿದ್ಧ ಪ್ರತಿಕಾಯಗಳ ಇನ್ನೊಂದು ಚುಚ್ಚುಮದ್ದನ್ನೂ ಕೊಡುವ ಕ್ರಮವಿದೆ. ಆ ಮೊದಲ ದಿನ ಕಳೆದರೆ ಲಸಿಕೆಯ ಬಲ ಕುಗ್ಗುತ್ತದೆ. ಆದುದರಿಂದಲೇ ಹೆರಿಗೆ ಲೈನಿನ ಕೋಣೆಯಲ್ಲಾಗದೆ ಆಸ್ಪತ್ರೆಯಲ್ಲಿಯೇ ಆಗಬೇಕೆಂಬುದು ಬರಿಯ ಉಪದೇಶವಲ್ಲ.

ಈಗಾಗಲೇ ವಿಷಾಣುವನ್ನು ಹೊತ್ತವರೂ ಎದೆಗುಂದಬೇಕಾಗಿಲ್ಲ. ಬಿ ವಿಷಾಣುವನ್ನು ಅಡಗಿಸಿಡುವ ಟೆನೊಫೊವಿರ್ ಮಾತ್ರೆಯಿದೆ. ಅದು ಎಲ್ಲರಿಗೂ ಬೇಡ, ಕಾಲಕಾಲಕ್ಕೆ ಪರೀಕ್ಷೆ ಮಾಡಿ ವೈದ್ಯರು ನಿರ್ಧರಿಸುತ್ತಾರೆ. 1989ರಲ್ಲಿ ಗುರುತಾದ ಸಿ ವಿಷಾಣುವಿಗೆ ಲಸಿಕೆಯಿಲ್ಲ, ಆದರೆ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಗಳಿಂದ ನೂರಕ್ಕೆ ತೊಂಬತ್ತೈದು ಮಂದಿ ಸಂಪೂರ್ಣವಾಗಿ ಗುಣಹೊಂದುತ್ತಾರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಪರೀಕ್ಷೆ, ಔಷಧಿಗಳು ಉಚಿತ.

ಉಳಿಯುವುದು ಮನಸ್ಸಿನ ಚಿಕಿತ್ಸೆ. ಚಳಿಗಾಲದಲ್ಲಿ ನಮ್ಮ ನಾಡಿನ ಪೇಟೆಬೀದಿಗಳಲ್ಲಿ ಉಣ್ಣೆಯ ಸ್ವೆಟರ್ ಹರಡಿ ಕುಳಿತ ಟಿಬೆಟನ್ ಹೆಂಗಸಿನ ಕೈಯಿಂದ ಬಟ್ಟೆ ಕೊಂಡರೆ ಯಾರಿಗೂ ಏನೂ ಅಂಟುವುದಿಲ್ಲ. ಜೊತೆಯಲ್ಲಿ ಕುಳಿತು ಉಂಡರೆ, ಕೈ ಕುಲುಕಿದರೆ, ಒಂದೇ ಲೋಟದಲ್ಲಿ ನೀರು ಕುಡಿದರೆ, ಕೆಮ್ಮಿದರೆ, ಸೊಳ್ಳೆ ಕಚ್ಚಿದರೆ ಈ ವಿಷಾಣುಗಳು ದಾಟುವುದಿಲ್ಲ. ವಿಷಾಣು ಹೊತ್ತ ತಾಯಿ, ಕೂಸಿಗೆ ಲಸಿಕೆ ಹಾಕಿಸಿ, ನಿಶ್ಚಿಂತೆಯಿಂದ ಹಾಲೂಡಿಸಬಹುದು. ಕೂಲಿಯವನ ರಕ್ತದಲ್ಲಿ ವಿಷಾಣು ಇದೆಯೆಂದು ತಿಳಿದು ಅವನನ್ನು ಕೆಲಸದಿಂದ ಬಿಡಿಸಿದರೆ ಮುಂದೆ ಯಾರೂ ಪರೀಕ್ಷೆಗೆ ತೋಳು ಚಾಚುವುದಿಲ್ಲ. ರೋಗ ಕತ್ತಲೆಗೆ ಸರಿಯುತ್ತದೆ. ಕತ್ತಲೆ ಅದಕ್ಕೆ ಬಹಳ ಅನುಕೂಲ.

ಊರು ಬಿಟ್ಟು ಬಂದವರಿಗೆ ಆರು ದಶಕಗಳ ಹಿಂದೆ ಈ ನಾಡು ನೆಲ ಕೊಟ್ಟಿತು. ನೆಲಕ್ಕಿಂತ ಅಗ್ಗವಾದುದು ಲಸಿಕೆ. ಕಳಸದ ತೋಟದ ಲೈನಿನಲ್ಲಿ ಹುಟ್ಟಿದ ಕೂಸಿಗೆ ಮೊದಲ ದಿನವೇ ಅದು ದೊರೆಯುವಂತೆ ತೋಟದ ಧಣಿಯೂ, ರೈಟರೂ, ಆಶಾ ಕಾರ್ಯಕರ್ತೆಯೂ ನೋಡಿಕೊಂಡರೆ, ಆ ತಾಯಿಯ ಕೈಯಲ್ಲಿ ತಾಯಿ ಕಾರ್ಡು ಇದೆಯೇ, ಅದರಲ್ಲಿ ಮುಂದಿನ ಸರದಿ ಬರೆದಿದೆಯೇ ಎಂದು ಯಾರಾದರೊಬ್ಬರು ಅವಳ ಭಾಷೆಯಲ್ಲಿ ಕೇಳಿದರೆ, ತಲೆಮಾರುಗಳಿಂದ ಬಂದ ಸರಪಣಿಯ ಒಂದು ಕೊಂಡಿ ಅಲ್ಲಿಗೇ ಕಳಚಿಬೀಳುತ್ತದೆ.